ಆನ್‌ಲೈನ್ ಥೆರಪಿ ಫಲ ಕೊಡುತ್ತಿದೆಯೇ? ತಿಳಿಯುವುದು ಹೇಗೆ?

ನೀವು ಚೆನ್ನೈನ ವೇಲಚೇರಿಯಲ್ಲಿ ಇದ್ದೀರಿ ಎಂದುಕೊಳ್ಳಿ. ಊರು ಹಾಸನವೋ ಶಿವಮೊಗ್ಗವೋ ಇರಬಹುದು. ಕೆಲಸ ಐಟಿ ಕಾರಿಡಾರಿನ ಒಂದು ಕಚೇರಿಯಲ್ಲಿ. ಕೆಲವು ತಿಂಗಳಿಂದ ನಿದ್ದೆ ಸರಿಯಿಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ. ಬೆಂಗಳೂರಿನ ಒಬ್ಬ ಸೈಕಾಲಜಿಸ್ಟ್ ಜೊತೆ ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ಮಾತಾಡಲು ಶುರು ಮಾಡಿದ್ದೀರಿ. ಇವತ್ತು ನಾಲ್ಕನೇ ಸೆಷನ್. ‘ಈ ವಾರ ಹೇಗಿತ್ತು?’ ಎಂದು ಅವರು ಕೇಳುತ್ತಾರೆ.

ನಿಜ ಹೇಳಬೇಕೆಂದರೆ ಈ ವಾರ ಹೋದ ವಾರಕ್ಕಿಂತ ಕೆಟ್ಟದಾಗಿತ್ತು. ಆದರೆ ಪಕ್ಕದ ಕೋಣೆಯಲ್ಲಿ ರೂಮ್‌ಮೇಟ್ ಇದ್ದಾರೆ. ನೆಟ್‌ವರ್ಕ್ ಆಗಾಗ ನಿಲ್ಲುತ್ತಿದೆ. ಅಷ್ಟು ಕಾಳಜಿಯಿಂದ ಕೇಳುವವರಿಗೆ ‘ಏನೂ ಪ್ರಯೋಜನ ಆಗ್ತಿಲ್ಲ’ ಎನ್ನಲು ಸಂಕೋಚ ಬೇರೆ. ‘ಪರವಾಗಿಲ್ಲ’ ಎಂದುಬಿಡುತ್ತೀರಿ. ಐದನೇ ಸೆಷನ್ನನ್ನು ಏನೋ ನೆಪ ಹೇಳಿ ರದ್ದು ಮಾಡುತ್ತೀರಿ. ಆರನೆಯದನ್ನು ಬುಕ್ ಮಾಡುವುದೇ ಇಲ್ಲ.

ಹೀಗೆ ನಡುವೆಯೇ ಬಿಟ್ಟವರು ನೀವೊಬ್ಬರೇ ಅಲ್ಲ. 2012ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಮನೋಚಿಕಿತ್ಸೆಯ 669 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಸುಮಾರು ಐವರಲ್ಲಿ ಒಬ್ಬರು ಚಿಕಿತ್ಸೆ ಮುಗಿಯುವ ಮೊದಲೇ ಬಿಟ್ಟಿದ್ದರು. ಬಿಟ್ಟವರಲ್ಲಿ ಅನೇಕರು ‘ಥೆರಪಿ ನನಗೆ ಆಗಿಬರೋದಿಲ್ಲ’ ಎಂದೋ ‘ಆನ್‌ಲೈನ್ ಅಲ್ವಾ, ಅದಕ್ಕೇ ಹೀಗೆ’ ಎಂದೋ ತೀರ್ಮಾನಿಸಿಬಿಡುತ್ತಾರೆ. ಸಂಶೋಧನೆ ಹೇಳುವುದು ಬೇರೆ. ಹೆಚ್ಚಿನ ಸಂದರ್ಭಗಳಲ್ಲಿ ತೊಡಕು ಪರದೆಯದ್ದಲ್ಲ. ಚಿಕಿತ್ಸೆ ಹೇಗೆ ಸಾಗುತ್ತಿದೆ ಎಂಬ ಸುದ್ದಿ ನಿಮ್ಮಿಂದ ಚಿಕಿತ್ಸಕರಿಗೆ ತಲುಪದೇ ಇರುವುದು ದೊಡ್ಡ ತೊಡಕು. ಅದನ್ನು ಸರಿಪಡಿಸುವುದು ಹೇಗೆ ಎಂಬುದೇ ಈ ಬಾರಿಯ ವಿಷಯ.

ಈಗ ಇದು ಯಾಕೆ ಮುಖ್ಯ?

ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಬಹುತೇಕ ಕಾಯಿಲೆಗಳಲ್ಲಿ ಹತ್ತರಲ್ಲಿ ಏಳಕ್ಕಿಂತ ಹೆಚ್ಚು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಆ ಕಂದಕವನ್ನು ಆಸ್ಪತ್ರೆ ಕಟ್ಟಡಗಳಿಂದ ಮಾತ್ರ ತುಂಬಲು ಆಗುವುದಿಲ್ಲ.

2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ಅದೇ ವರ್ಷ ನಿಮ್ಹಾನ್ಸ್ ದೂರದಿಂದ ನಡೆಸುವ ಮನೋಚಿಕಿತ್ಸೆಗೆ ತನ್ನದೇ ಮಾರ್ಗಸೂಚಿ ಪ್ರಕಟಿಸಿತು. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಟೆಲಿ ಮಾನಸ್ ಸಹಾಯವಾಣಿ ಶುರುವಾಯಿತು. ಇದರ ಸಂಖ್ಯೆ 14416. ಕನ್ನಡವೂ ಸೇರಿ 20 ಭಾಷೆಗಳಲ್ಲಿ ಈ ಸೇವೆ ಉಚಿತ. ಎರಡು ವರ್ಷಗಳ ನಂತರ ಟೆಲಿ ಮಾನಸ್ ಆ್ಯಪ್ ಬಂತು. ಅದರ ಜೊತೆಗೆ ವಿಡಿಯೊ ಸಮಾಲೋಚನೆ ಮೊದಲು ಕರ್ನಾಟಕ, ತಮಿಳುನಾಡು ಮತ್ತು ಜಮ್ಮು-ಕಾಶ್ಮೀರದಲ್ಲಿ ಆರಂಭವಾಯಿತು. ಇದಲ್ಲದೆ ಖಾಸಗಿ ವೇದಿಕೆಗಳು, ಆ್ಯಪ್‌ಗಳು, ಚಾಟ್‌ಬಾಟ್‌ಗಳು ಬೇರೆ.

ಅಂದರೆ ವೇಲಚೇರಿಯ ಫ್ಲಾಟ್‌ನಲ್ಲಿ ಕೂತು ಬೆಂಗಳೂರಿನವರ ಜೊತೆ ಮಾತಾಡುವುದು ಈಗ ವಿಶೇಷವೇನಲ್ಲ. ಬಾಗಿಲು ತೆರೆದಿದೆ. ಒಳಗೆ ಹೋದ ಮೇಲೆ ಸಿಗುವುದು ಒಳ್ಳೆಯ ಚಿಕಿತ್ಸೆಯೇ ಎಂಬುದು ಈಗಿನ ಪ್ರಶ್ನೆ.

ಪರದೆಯಲ್ಲಿ ನಡೆಯುವ ಚಿಕಿತ್ಸೆ ನಿಜಕ್ಕೂ ಕೆಲಸ ಮಾಡುತ್ತದೆಯೇ?

ಖಿನ್ನತೆ ಮತ್ತು ಆತಂಕದಂಥ ಸಾಮಾನ್ಯ ತೊಂದರೆಗಳಲ್ಲಿ ಹೌದು, ಮಾಡುತ್ತದೆ. ಸ್ವೀಡನ್ನಿನ ಸಂಶೋಧಕರು ಈ ಬಗ್ಗೆ ಎರಡು ದಶಕಗಳಿಗೂ ಹೆಚ್ಚು ಕಾಲ ಕೆಲಸ ಮಾಡಿದ್ದಾರೆ. ಯೋಚನೆ ಮತ್ತು ನಡವಳಿಕೆಯ ಸುಳಿಗಳನ್ನು ಗುರುತಿಸಿ ಬದಲಿಸುವ ಸಿಬಿಟಿ ಎಂಬ ವಿಧಾನವನ್ನು ಅವರು ಇಂಟರ್ನೆಟ್ ಮೂಲಕ ಕೊಟ್ಟು ನೋಡಿದರು. ಪಾಠ ಮತ್ತು ಅಭ್ಯಾಸಗಳು ಇಂಟರ್ನೆಟ್‌ನಲ್ಲಿ ಇರುತ್ತವೆ, ಚಿಕಿತ್ಸಕರು ನಡುನಡುವೆ ಸಂದೇಶ ಕಳಿಸಿ ಕೈಹಿಡಿದು ನಡೆಸುತ್ತಾರೆ. ಈ ಕ್ರಮವನ್ನು ಮುಖಾಮುಖಿ ಚಿಕಿತ್ಸೆಯ ಜೊತೆ ಹೋಲಿಸಿದ 20 ಅಧ್ಯಯನಗಳ ವಿಶ್ಲೇಷಣೆ 2018ರಲ್ಲಿ ಪ್ರಕಟವಾಯಿತು. ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ವಿಡಿಯೊ ಕರೆಯ ಚಿತ್ರ ಸ್ವಲ್ಪ ಬೇರೆ. ಅದೇ ವರ್ಷದ ಇನ್ನೊಂದು ವಿಶ್ಲೇಷಣೆಯಲ್ಲಿ, ವಿಡಿಯೊದಲ್ಲಿ ರೋಗಿ ಮತ್ತು ಚಿಕಿತ್ಸಕರ ನಡುವಿನ ಬಾಂಧವ್ಯ ಮುಖಾಮುಖಿಗಿಂತ ತುಸು ಕಡಿಮೆ ಕಂಡುಬಂತು. ಆದರೂ ಕಾಯಿಲೆಯ ಲಕ್ಷಣಗಳು ಇಳಿಯುವುದರಲ್ಲಿ ಅದು ಹಿಂದೆ ಬೀಳಲಿಲ್ಲ. ‘ಕ್ಯಾಮೆರಾ ಮುಂದೆ ಮನಸ್ಸು ಬಿಚ್ಚೋಕೆ ಆಗಲ್ಲ’ ಎಂದು ನಿಮಗೆ ಅನ್ನಿಸಿದರೆ ಅದು ಬರೀ ನಿಮ್ಮ ಕಲ್ಪನೆಯಲ್ಲ. ಹಾಗೆಂದು ಅಷ್ಟಕ್ಕೇ ಚಿಕಿತ್ಸೆ ಬಿಡಬೇಕಾಗಿಯೂ ಇಲ್ಲ.

ಆ್ಯಪ್ ಸಾಕೇ, ಮನುಷ್ಯರು ಬೇಕೇ?

2021ರಲ್ಲಿ ಖಿನ್ನತೆ ಇರುವ 9,751 ಜನರ ಮಾಹಿತಿಯನ್ನು 39 ಅಧ್ಯಯನಗಳಿಂದ ಕಲೆಹಾಕಿ ವಿಶ್ಲೇಷಿಸಲಾಯಿತು. ತೀರಾ ಸೌಮ್ಯ ಖಿನ್ನತೆಯಲ್ಲಿ ತಾವೇ ಮಾಡಿಕೊಳ್ಳುವ ಆನ್‌ಲೈನ್ ಸಿಬಿಟಿಯೂ, ಒಬ್ಬರ ಮಾರ್ಗದರ್ಶನದಲ್ಲಿ ಮಾಡುವುದೂ ಹೆಚ್ಚುಕಡಿಮೆ ಒಂದೇ ಫಲ ಕೊಟ್ಟವು. ಖಿನ್ನತೆ ಮಧ್ಯಮ ಅಥವಾ ತೀವ್ರವಾಗಿದ್ದಾಗ ಮಾತ್ರ ಮಾರ್ಗದರ್ಶನ ಇದ್ದವರಿಗೆ ಹೆಚ್ಚು ಅನುಕೂಲವಾಯಿತು.

ಬರೀ ಆ್ಯಪ್‌ಗಳಿಗೆ ಇನ್ನೊಂದು ತೊಂದರೆಯಿದೆ. ಜನ ಅವನ್ನು ಇಳಿಸಿಕೊಳ್ಳುತ್ತಾರೆ, ಆದರೆ ಬಳಸುವುದಿಲ್ಲ. 93 ಮಾನಸಿಕ ಆರೋಗ್ಯ ಆ್ಯಪ್‌ಗಳ ಬಳಕೆಯನ್ನು ನೋಡಿದ 2019ರ ಅಧ್ಯಯನದಲ್ಲಿ, 30 ದಿನಗಳಾದ ಮೇಲೂ ತೆರೆಯುತ್ತಿದ್ದವರು ಮಧ್ಯಕ ಲೆಕ್ಕದಲ್ಲಿ ಶೇ 3.3 ಮಾತ್ರ. ನೂರು ಜನರಲ್ಲಿ ಮೂರು-ನಾಲ್ಕು ಮಂದಿ. ಇನ್ನು ಕಂಪನಿ ಬಾಗಿಲು ಹಾಕಿದರೆ ಆ್ಯಪ್ಪೇ ಇರುವುದಿಲ್ಲ. ಅಮೆರಿಕದ ಹೆಸರಾಂತ ಚಾಟ್‌ಬಾಟ್ ‘ವೋಬಾಟ್’ 2025ರ ಜೂನ್ 30ರಂದು ಸೇವೆ ನಿಲ್ಲಿಸಿತು. ಅದೇ ಆಗಸ್ಟಿನಲ್ಲಿ ಇಲಿನಾಯ್ ರಾಜ್ಯ ಕೃತಕ ಬುದ್ಧಿಮತ್ತೆ ತಾನೇ ಥೆರಪಿ ನೀಡುವುದನ್ನು ಕಾನೂನಿನಿಂದ ನಿಷೇಧಿಸಿತು. ನಮ್ಮ 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲೂ ಕೃತಕ ಬುದ್ಧಿಮತ್ತೆಯ ವೇದಿಕೆಗಳು ರೋಗಿಗೆ ಸಮಾಲೋಚನೆ ಕೊಡುವಂತಿಲ್ಲ, ಔಷಧಿ ಬರೆಯುವಂತಿಲ್ಲ ಎಂದು ಸ್ಪಷ್ಟವಾಗಿದೆ. ಅವು ವೈದ್ಯರಿಗೆ ನೆರವಾಗಬಹುದು, ಅಷ್ಟೇ.

ಮನುಷ್ಯರು ಎಂದರೆ ದೊಡ್ಡ ಡಿಗ್ರಿ ಪಡೆದವರೇ ಆಗಬೇಕೆಂದೂ ಇಲ್ಲ. ಗೋವಾದಲ್ಲಿ ನಡೆದ, 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗ ಇದನ್ನು ತೋರಿಸಿತು. ಮಾನಸಿಕ ಆರೋಗ್ಯದ ಪದವಿ ಇಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ತೀವ್ರ ಖಿನ್ನತೆ ಇದ್ದವರ ಜೊತೆ ಆರರಿಂದ ಎಂಟು ಸೆಷನ್ ಮಾತಾಡಿಸಲಾಯಿತು. ಮೂರು ತಿಂಗಳ ನಂತರ ಇವರಲ್ಲಿ ಶೇ 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಆರೋಗ್ಯ ಕೇಂದ್ರದ ಮಾಮೂಲಿ ಚಿಕಿತ್ಸೆಯನ್ನೇ ತುಸು ಸುಧಾರಿಸಿ ಕೊಟ್ಟ ಗುಂಪಿನಲ್ಲಿ ಈ ಪ್ರಮಾಣ ಶೇ 39. ಈ ಸಮಾಲೋಚಕರು ತಮ್ಮ ಸೆಷನ್‌ಗಳ ಧ್ವನಿಮುದ್ರಣವನ್ನು ಒಟ್ಟಿಗೆ ಕೂತು ಕೇಳುತ್ತಿದ್ದರು. ಎಲ್ಲಿ ಸರಿಹೋಯಿತು, ಎಲ್ಲಿ ತಪ್ಪಿತು ಎಂದು ಪರಸ್ಪರ ಅಂಕ ಕೊಡುತ್ತಿದ್ದರು. ತಮ್ಮ ಕೆಲಸವನ್ನು ತಾವೇ ಅಳೆಯುವ ಈ ಅಭ್ಯಾಸವನ್ನು ನೆನಪಿಟ್ಟುಕೊಳ್ಳಿ.

ದೂರದ ಚಿಕಿತ್ಸೆಯಲ್ಲಿ ಚೆನ್ನೈಗೆ ತನ್ನದೇ ಅನುಭವ ಇದೆ. ಮಂಗಳೂರಿನಲ್ಲಿ ಹುಟ್ಟಿದ, ದೇಶದ ಮೊದಲ ಮಹಿಳಾ ಮನೋವೈದ್ಯೆ ಎನಿಸಿದ ಡಾ. ಶಾರದಾ ಮೆನನ್ 1984ರಲ್ಲಿ ಇಲ್ಲಿ ‘ಸ್ಕಾರ್ಫ್’ ಸಂಸ್ಥೆ ಕಟ್ಟಿದರು. ಆ ಸಂಸ್ಥೆ 2010ರಿಂದ ಪುದುಕ್ಕೋಟೆ ಜಿಲ್ಲೆಯ ಹಳ್ಳಿಗಳಿಗೆ ಒಂದು ಬಸ್ ಕಳಿಸಿತು. ಬಸ್ಸಿನೊಳಗೆ ರೋಗಿ, ಪರದೆಯಲ್ಲಿ ಮನೋವೈದ್ಯರು. ಔಷಧಿಯೂ ಬಸ್ಸಿನಲ್ಲೇ ಸಿಗುತ್ತಿತ್ತು. ಬಸ್ ಹೋದ ಮೇಲೆ ರೋಗಿಯ ಯೋಗಕ್ಷೇಮ ನೋಡಿಕೊಳ್ಳಲು ಊರಿನ ಮಟ್ಟದಲ್ಲಿ ಕಾರ್ಯಕರ್ತರಿದ್ದರು. ಪರದೆ ದೂರವನ್ನು ದಾಟಿಸಿತು. ಅದರ ಆಚೀಚೆಯ ಕೆಲಸಕ್ಕೆ ಜನ ಬೇಕಾದರು.

ಚಿಕಿತ್ಸಕರಿಗೆ ಕಾಣದೇ ಇರುವುದು

ಈಗ ನಿಮ್ಮ ‘ಪರವಾಗಿಲ್ಲ’ಕ್ಕೆ ಬರೋಣ. ಅನುಭವಿ ಚಿಕಿತ್ಸಕರಿಗೆ ರೋಗಿಯ ಮುಖ ನೋಡಿದರೆ ಸಾಕು, ಎಲ್ಲ ಗೊತ್ತಾಗುತ್ತದೆ ಎಂದು ನಾವು ನಂಬುತ್ತೇವೆ. 2005ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿತು. ವಿಶ್ವವಿದ್ಯಾಲಯದ ಸಮಾಲೋಚನಾ ಕೇಂದ್ರವೊಂದರಲ್ಲಿ 550 ಮಂದಿ ಚಿಕಿತ್ಸೆಯಲ್ಲಿದ್ದರು. ಇವರಲ್ಲಿ ಯಾರ ಸ್ಥಿತಿ ಹದಗೆಡಬಹುದು ಎಂದು ಚಿಕಿತ್ಸಕರನ್ನೇ ಕೇಳಲಾಯಿತು. ಅವರು ಹೆಸರಿಸಿದ್ದು ಮೂವರನ್ನು. ನಿಜಕ್ಕೂ ಹದಗೆಟ್ಟವರು 40 ಮಂದಿ. ಹೆಸರಿಸಿದ ಮೂವರಲ್ಲಿ ಸರಿಯಾಗಿದ್ದು ಒಂದೇ ಒಂದು.

ಇವರೆಲ್ಲ ಮುಖಾಮುಖಿ ಕೂತೇ ಚಿಕಿತ್ಸೆ ಕೊಡುತ್ತಿದ್ದವರು. ಇನ್ನು ವಿಡಿಯೊದಲ್ಲಿ ಕಾಣುವುದು ನಿಮ್ಮ ಭುಜದಿಂದ ಮೇಲಿನ ಭಾಗ ಮಾತ್ರ. ಅಲುಗಾಡುವ ಕಾಲು, ಹಿಸುಕಿಕೊಳ್ಳುವ ಬೆರಳು, ಒಳಗೆ ಬರುವಾಗಿನ ನಡಿಗೆ ಯಾವುದೂ ಕಾಣುವುದಿಲ್ಲ. ಇದು ಚಿಕಿತ್ಸಕರ ಅಸಡ್ಡೆಯಲ್ಲ. ಮನುಷ್ಯರ ಅಂದಾಜಿಗೆ ಇರುವ ಮಿತಿ ಅಷ್ಟೇ.

ಪರಿಹಾರ ತೀರಾ ಸರಳ: ಪ್ರತಿ ಬಾರಿ ಅಳೆಯುವುದು. ಸೆಷನ್‌ಗೆ ಮುಂಚೆ ರೋಗಿ ಒಂದು ಚಿಕ್ಕ ಪ್ರಶ್ನಾವಳಿ ತುಂಬುತ್ತಾರೆ. ಅಂಕಗಳು ನಿರೀಕ್ಷೆಯಂತೆ ಇಳಿಯದಿದ್ದರೆ ಚಿಕಿತ್ಸಕರಿಗೆ ಎಚ್ಚರಿಕೆ ಹೋಗುತ್ತದೆ. ಇಂಗ್ಲೆಂಡಿನ ಸರ್ಕಾರಿ ಸೇವೆಯಲ್ಲಿ 77 ಚಿಕಿತ್ಸಕರು ಮತ್ತು 2,233 ರೋಗಿಗಳ ಮೇಲೆ ಈ ಕ್ರಮವನ್ನು ಪರೀಕ್ಷಿಸಿ, 2018ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ಯಲ್ಲಿ ಪ್ರಕಟಿಸಲಾಯಿತು. ಚಿಕಿತ್ಸೆ ಹಳಿ ತಪ್ಪುತ್ತಿದ್ದವರಲ್ಲಿ, ಎಚ್ಚರಿಕೆ ಸಿಗುತ್ತಿದ್ದ ಚಿಕಿತ್ಸಕರ ರೋಗಿಗಳ ಲಕ್ಷಣಗಳು ಕೊನೆಗೆ ಕಡಿಮೆ ತೀವ್ರವಾಗಿದ್ದವು. ಎಲ್ಲರಿಗೂ ಇದರಿಂದ ದೊಡ್ಡ ಲಾಭವಿಲ್ಲ. ಕೈಬಿಟ್ಟುಹೋಗುವ ಅಪಾಯ ಇರುವವರಿಗೆ ಲಾಭವಿದೆ.

ನಿಮ್ಮ ಚಿಕಿತ್ಸಕರು ಇದನ್ನು ಮಾಡುತ್ತಿಲ್ಲವಾದರೆ ನೀವೇ ಕೇಳಬಹುದು. ಖಿನ್ನತೆಗೆ ಹೆಚ್ಚಾಗಿ ಬಳಸುವುದು ಪಿಎಚ್‌ಕ್ಯೂ-9. ಒಂಬತ್ತು ಪ್ರಶ್ನೆಗಳು, 0ರಿಂದ 27ರವರೆಗೆ ಅಂಕ. ಆತಂಕಕ್ಕೆ ಜಿಎಡಿ-7. ಏಳು ಪ್ರಶ್ನೆಗಳು, 0ರಿಂದ 21. ಎರಡೂ ಕಳೆದ ಎರಡು ವಾರಗಳ ಬಗ್ಗೆ ಕೇಳುತ್ತವೆ, ಹಾಗಾಗಿ ಎರಡು ವಾರಕ್ಕೊಮ್ಮೆ ತುಂಬಿದರೆ ಸಾಕು. ಪಿಎಚ್‌ಕ್ಯೂ-9ರಲ್ಲಿ ಐದು ಅಂಕ ಇಳಿದರೆ ಅದು ಗಮನಾರ್ಹ ಸುಧಾರಣೆ ಎನ್ನಲಾಗುತ್ತದೆ. ಒಂದು ಅಂಕ ಏರಿತೆಂದು ಗಾಬರಿ ಬೀಳಬೇಡಿ, ಒಂದು ಇಳಿಯಿತೆಂದು ಹಿಗ್ಗಲೂ ಬೇಡಿ. ಕೆಲವು ವಾರಗಳ ಓಟ ಎತ್ತ ಸಾಗುತ್ತಿದೆ ಎಂದು ನೋಡಿ. ಅಂಕಗಳನ್ನು ನೋಡಿ ನೀವೇ ಕಾಯಿಲೆ ನಿರ್ಧರಿಸಿಕೊಳ್ಳಬೇಡಿ, ಔಷಧಿ ನಿಲ್ಲಿಸಬೇಡಿ. ಅದು ಮಾತು ಶುರು ಮಾಡಲು ಒಂದು ನೆಪ.

ಬಾಯಲ್ಲಿ ‘ಪರವಾಗಿಲ್ಲ’ ಎನ್ನುವವರೂ ಕಾಗದದ ಮೇಲೆ ನಿಜ ಬರೆಯಬಹುದು. ಸಂಕೋಚದ ಸ್ವಭಾವದವರಿಗೆ ಈ ಪ್ರಶ್ನಾವಳಿಯ ನಿಜವಾದ ಉಪಯೋಗ ಇದು.

‘ಬೇಜಾರು’ ಎಂದರೆ ಏನು?

ನಿಮ್ಮ ಸೆಷನ್ ಇಂಗ್ಲಿಷಿನಲ್ಲಿ ನಡೆಯುತ್ತಿದೆಯೇ? ಚೆನ್ನೈನಲ್ಲಿರುವ ಕನ್ನಡಿಗರಿಗೆ ಸಾಮಾನ್ಯವಾಗಿ ಆಗುವುದು ಹೀಗೆ. ತಮಿಳು ಅಂಗಡಿ, ಆಟೋಗೆ ಸಾಲುವಷ್ಟು ಬರುತ್ತದೆ. ಇಂಗ್ಲಿಷು ಕಚೇರಿಗೆ ಸಾಲುತ್ತದೆ. ಅಳು ಮಾತ್ರ ಬರುವುದು ಕನ್ನಡದಲ್ಲಿ.

‘ಬೇಜಾರು’ ಎಂಬ ಒಂದೇ ಪದವನ್ನು ನೋಡಿ. ಮಾಡಲು ಕೆಲಸವಿಲ್ಲದಿದ್ದರೂ ಬೇಜಾರು, ಯಾರೋ ಬೈದರೂ ಬೇಜಾರು, ಹತ್ತಿರದವರು ತೀರಿಕೊಂಡರೂ ಬೇಜಾರು, ಬದುಕೇ ಸಾಕೆನಿಸಿದರೂ ಬೇಜಾರು. ಯಾವ ಬೇಜಾರು ಎಂಬುದು ಕನ್ನಡ ಬಲ್ಲವರಿಗೆ ದನಿಯಲ್ಲಿ ತಿಳಿಯುತ್ತದೆ. ನೀವು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುವಾಗ ಒಂದನ್ನು ಆರಿಸಲೇಬೇಕು. ಎಷ್ಟೋ ಸಲ ಹಗುರವಾದದ್ದನ್ನೇ ಆರಿಸುತ್ತೇವೆ. ‘ಎದೆ ಭಾರ’, ‘ಹೊಟ್ಟೆಯೊಳಗೆ ಸಂಕಟ’, ‘ಕೈಕಾಲೇ ಆಡಲ್ಲ’ ಎಂಬ ಮಾತುಗಳ ಗತಿಯೂ ಇದೇ.

ಭಾವನೆ ಮತ್ತು ಭಾಷೆಯ ಸಂಬಂಧದ ಬಗ್ಗೆ ಸಾಕಷ್ಟು ಸಂಶೋಧನೆ ಆಗಿದೆ. ಟರ್ಕಿ ಭಾಷೆಯ ಮನೆಮಾತಿನವರ ಮೇಲೆ ನಡೆದ ಒಂದು ಪ್ರಯೋಗದಲ್ಲಿ, ಚಿಕ್ಕಂದಿನಲ್ಲಿ ಕೇಳಿದ ಬೈಗುಳದಂಥ ಮಾತುಗಳನ್ನು ಎರಡೂ ಭಾಷೆಗಳಲ್ಲಿ ಕೇಳಿಸಿದರು. ಆಗ ಅವರ ಚರ್ಮದಲ್ಲಿ ಕಾಣುವ ಉದ್ವೇಗದ ಪ್ರತಿಕ್ರಿಯೆ ಇಂಗ್ಲಿಷಿಗಿಂತ ಮನೆಮಾತಿಗೇ ಜೋರಾಗಿತ್ತು. ಸಂಸ್ಕೃತಿಗೆ ತಕ್ಕಂತೆ ಹೊಂದಿಸಿದ ಚಿಕಿತ್ಸೆಗಳ ಕುರಿತ 76 ಅಧ್ಯಯನಗಳ ವಿಶ್ಲೇಷಣೆ 2006ರಲ್ಲಿ ಬಂತು. ಇಂಗ್ಲಿಷ್ ಮನೆಮಾತಲ್ಲದವರಿಗೆ ಅವರ ಭಾಷೆಯಲ್ಲೇ ಕೊಟ್ಟ ಚಿಕಿತ್ಸೆ, ಇಂಗ್ಲಿಷಿನಲ್ಲಿ ಕೊಟ್ಟದ್ದಕ್ಕಿಂತ ಎರಡು ಪಟ್ಟು ಪರಿಣಾಮಕಾರಿ ಎಂದು ಅದರಲ್ಲಿ ಕಂಡುಬಂತು.

ಆನ್‌ಲೈನ್ ಥೆರಪಿಯ ದೊಡ್ಡ ಲಾಭ ಇಲ್ಲಿದೆ. ವೇಲಚೇರಿಯಲ್ಲಿ ಕನ್ನಡ ಬಲ್ಲ ಚಿಕಿತ್ಸಕರು ಸಿಗುವುದು ಕಷ್ಟ, ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಅಷ್ಟು ಕಷ್ಟವಲ್ಲ. ಬುಕ್ ಮಾಡುವಾಗಲೇ ‘ಕನ್ನಡದಲ್ಲಿ ಮಾತಾಡಬಹುದಾ?’ ಎಂದು ಕೇಳಿ. ಟೆಲಿ ಮಾನಸ್‌ಗೆ ಕರೆ ಮಾಡಿದಾಗಲೂ ಭಾಷೆ ಆಯ್ದುಕೊಳ್ಳಬಹುದು. ಈಗಿರುವ ಚಿಕಿತ್ಸಕರು ನಿಮಗೆ ಹೊಂದಿದ್ದರೆ ಅವರನ್ನು ಬಿಡಬೇಕಾಗಿಲ್ಲ. ಮನಸ್ಸಿಗೆ ಬಂದ ಪದವನ್ನು ಮೊದಲು ಕನ್ನಡದಲ್ಲೇ ಹೇಳಿ, ಆಮೇಲೆ ಅರ್ಥ ವಿವರಿಸಿ.

ಬಾಂಧವ್ಯವೂ ಚಿಕಿತ್ಸೆಯ ಭಾಗ

ಚಿಕಿತ್ಸೆ ಫಲಿಸುವುದನ್ನು ಮುಂಚಿತವಾಗಿ ಸೂಚಿಸುವ ಅಂಶಗಳಲ್ಲಿ ಸಂಶೋಧಕರು ಪದೇಪದೇ ಕಂಡದ್ದು ರೋಗಿ ಮತ್ತು ಚಿಕಿತ್ಸಕರ ಹೊಂದಾಣಿಕೆ. 2018ರ ಒಂದು ದೊಡ್ಡ ವಿಶ್ಲೇಷಣೆ 295 ಅಧ್ಯಯನಗಳಲ್ಲಿ ಇದನ್ನು ನೋಡಿತು. ಮುಖಾಮುಖಿಯಲ್ಲಿ ಈ ಸಂಬಂಧ ಎಷ್ಟಿತ್ತೋ, ಇಂಟರ್ನೆಟ್ ಚಿಕಿತ್ಸೆಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು.

ಹೊಂದಾಣಿಕೆ ಎಂದರೆ ಬರೀ ‘ಒಳ್ಳೆಯವರು, ಚೆನ್ನಾಗಿ ಮಾತಾಡ್ತಾರೆ’ ಎಂಬುದಲ್ಲ. ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಅದನ್ನು ಮೂರಾಗಿ ಬಿಡಿಸಿಟ್ಟರು: ಎಲ್ಲಿಗೆ ತಲುಪಬೇಕು ಎಂಬ ಗುರಿಯಲ್ಲಿ ಒಮ್ಮತ, ಅದಕ್ಕೆ ಏನು ಮಾಡಬೇಕು ಎಂಬ ಕೆಲಸದಲ್ಲಿ ಒಮ್ಮತ, ಮತ್ತು ಪರಸ್ಪರ ನಂಬಿಕೆ. ಮೂರನೆಯದು ಇದ್ದು ಮೊದಲೆರಡು ಇಲ್ಲದಿದ್ದರೆ ಸೆಷನ್ ಹಿತವಾಗಿರುತ್ತದೆ, ಆದರೆ ಮುಂದೆ ಸಾಗುವುದಿಲ್ಲ.

ನಿಮಗೆ ಹೇಳಲು ಮಾತು ಸಿಗದಿದ್ದರೆ ಇವನ್ನು ಬಳಸಿ ನೋಡಿ:

• ‘ಮೇಡಂ, ಹೋದ ವಾರ ನೀವು ಹೇಳಿದ್ದು ಮಾಡೋಕೆ ಆಗಲಿಲ್ಲ. ಯಾಕೆ ಆಗಲಿಲ್ಲ ಅಂತ ಮಾತಾಡೋಣ್ವಾ?’
• ‘ಸರ್, ನಾವು ಯಾವುದಕ್ಕಾಗಿ ಈ ಸೆಷನ್ ಮಾಡ್ತಿದ್ದೀವಿ ಅಂತ ಇನ್ನೊಂದು ಸಲ ಹೇಳ್ತೀರಾ?’
• ‘ಹೋದ ಸಲ ಆ ಮಾತು ಕೇಳಿ ನನಗೆ ನೋವಾಯ್ತು. ಆಗ ಹೇಳೋಕೆ ಆಗಲಿಲ್ಲ.’
• ‘ನನ್ನ ಅಂಕಗಳು ಇಳೀತಾ ಇಲ್ಲ. ಬೇರೆ ದಾರಿ ಏನಾದ್ರೂ ನೋಡ್ಬೇಕಾ?’

ಒಳ್ಳೆಯ ಚಿಕಿತ್ಸಕರಿಗೆ ಇದರಿಂದ ಸಿಟ್ಟು ಬರುವುದಿಲ್ಲ. ಅವರಿಗೆ ಬೇಕಾದ ಸುದ್ದಿಯೇ ಇದು. ನೇರ ಹೇಳಲು ಕಷ್ಟವಾದರೆ ಸೆಷನ್‌ನ ಹಿಂದಿನ ದಿನ ಮೆಸೇಜ್ ಮಾಡಿ. ಇದನ್ನು ಹೇಳಿದ ಮೇಲೂ ನಾಲ್ಕಾರು ಸೆಷನ್‌ಗಳಲ್ಲಿ ಏನೂ ಬದಲಾಗದಿದ್ದರೆ ಚಿಕಿತ್ಸಕರನ್ನು ಬದಲಿಸುವುದು ದ್ರೋಹವಲ್ಲ. ಬದಲಿಸುವಾಗ ಹಳೆಯ ದಾಖಲೆ ಕೇಳಿ ಪಡೆಯಿರಿ. ತನ್ನ ವೈದ್ಯಕೀಯ ದಾಖಲೆ ನೋಡುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗೆ ಕೊಟ್ಟಿದೆ.

ಒಂದು ಸಣ್ಣ ಉಪಾಯವೂ ಇದೆ. ವಿಡಿಯೊ ಕರೆಯಲ್ಲಿ ನಿಮ್ಮ ಮುಖ ನಿಮಗೇ ಕಾಣುವುದನ್ನು ಆಫ್ ಮಾಡಿ. ಸದಾ ತನ್ನನ್ನೇ ನೋಡಿಕೊಳ್ಳುವುದು ವಿಡಿಯೊ ಕರೆಗಳ ಆಯಾಸಕ್ಕೆ ಒಂದು ಕಾರಣ ಎಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್ಸನ್ 2021ರಲ್ಲಿ ವಿವರಿಸಿದ್ದಾರೆ.

ಕೋಣೆ, ಮಳೆ, ನೆಟ್‌ವರ್ಕ್

ನಮ್ಮ ಮನೆಗಳಲ್ಲಿ ಒಂಟಿ ಕೋಣೆ ಎಲ್ಲರಿಗೂ ಇರುವುದಿಲ್ಲ. ಪಿಜಿಯಲ್ಲಂತೂ ಇಲ್ಲವೇ ಇಲ್ಲ. ನಿಲ್ಲಿಸಿದ ಕಾರು, ಮನೆಯ ತಾರಸಿ, ಕಚೇರಿಯ ಖಾಲಿ ಮೀಟಿಂಗ್ ರೂಮು ಯಾವುದಾದರೂ ಆಗಬಹುದು. ಇಯರ್‌ಫೋನ್ ಹಾಕಿಕೊಳ್ಳಿ. ಬಾಗಿಲ ಆಚೆ ಫ್ಯಾನು ಅಥವಾ ರೇಡಿಯೊ ಹಾಕಿಟ್ಟರೆ ನಿಮ್ಮ ಮಾತು ಹೊರಗೆ ಕೇಳುವುದಿಲ್ಲ. ಯಾರಾದರೂ ಒಳಗೆ ಬಂದರೆ ಹೇಳಲು ಒಂದು ಸಂಕೇತದ ಮಾತನ್ನು ಚಿಕಿತ್ಸಕರ ಜೊತೆ ಮೊದಲೇ ಗೊತ್ತು ಮಾಡಿಕೊಳ್ಳಿ. ‘ಮೀಟಿಂಗ್ ಮುಂದಕ್ಕೆ ಹಾಕೋಣ’ ಎಂಬಷ್ಟು ಸಾಕು. ಬಾಯಿಬಿಟ್ಟು ಹೇಳಲಾಗದ್ದನ್ನು ಚಾಟ್‌ನಲ್ಲಿ ಟೈಪ್ ಮಾಡಬಹುದು.

ವೇಲಚೇರಿಯವರಿಗೆ ಇನ್ನೊಂದು ಮಾತು ಹೇಳಲೇಬೇಕು. 2015ರ ಡಿಸೆಂಬರ್ ಪ್ರವಾಹ, 2023ರ ಮಿಚಾಂಗ್ ಚಂಡಮಾರುತ ನಿಮಗೆ ನೆನಪಿರುತ್ತವೆ. ಮಳೆಯ ಮುನ್ಸೂಚನೆ ಬಂದೊಡನೆ ಕಾರುಗಳನ್ನು ಮೇಲ್ಸೇತುವೆಯ ಮೇಲೆ ತಂದು ನಿಲ್ಲಿಸುವ ಬಡಾವಣೆ ಇದು. ನೀರು ನುಗ್ಗಿದರೆ ಕರೆಂಟ್ ಹೋಗುತ್ತದೆ, ನೆಟ್ ಹೋಗುತ್ತದೆ. ಮನಸ್ಸಿಗೆ ಆಸರೆ ಹೆಚ್ಚು ಬೇಕಾಗುವುದೂ ಆಗಲೇ. ಹಾಗಾಗಿ ಈಶಾನ್ಯ ಮಾನ್ಸೂನ್ ಶುರುವಾಗುವ ಅಕ್ಟೋಬರಿಗೆ ಮುಂಚೆಯೇ ಚಿಕಿತ್ಸಕರ ಜೊತೆ ಮಾತಾಡಿಕೊಳ್ಳಿ: ವಿಡಿಯೊ ಕಡಿದರೆ ಎಷ್ಟು ನಿಮಿಷ ಕಾಯಬೇಕು? ಆಮೇಲೆ ಯಾರು ಯಾರಿಗೆ ಫೋನ್ ಮಾಡಬೇಕು? ಸೆಷನ್ ತಪ್ಪಿದರೆ ಮುಂದಿನದು ಯಾವಾಗ? ಔಷಧಿ ತೆಗೆದುಕೊಳ್ಳುವವರು ಕೆಲವು ದಿನಗಳಿಗಾಗುವಷ್ಟು ಹೆಚ್ಚುವರಿ ಇಟ್ಟುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ.

ತುರ್ತು ಬಂದರೆ

ಸಾಯುವ ಯೋಚನೆ ಬಲವಾಗಿರುವವರಿಗೆ, ಇಲ್ಲದ ದನಿಗಳು ಕೇಳಿಸುವವರಿಗೆ, ಮನೆಯಲ್ಲೇ ಹಿಂಸೆ ಅನುಭವಿಸುತ್ತಿರುವವರಿಗೆ ಆನ್‌ಲೈನ್ ಸೆಷನ್ ಒಂದೇ ಸಾಲದು. ಇಂಥ ಸಂದರ್ಭದಲ್ಲಿ ನೇರವಾಗಿ ನೋಡುವ ಮನೋವೈದ್ಯರು ಬೇಕು. ಚೆನ್ನೈನಲ್ಲಿ ಕೀಲ್ಪಾಕ್‌ನ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಆಂಬುಲೆನ್ಸ್‌ಗೆ 108, ತುರ್ತು ಸಹಾಯಕ್ಕೆ 112, ಮಾತಾಡಲು ದಿನದ ಯಾವ ಹೊತ್ತಿನಲ್ಲೂ 14416.

ಚಿಕಿತ್ಸಕರು ಬೇರೆ ರಾಜ್ಯದಲ್ಲಿದ್ದಾಗ ಒಂದು ವಿಷಯ ಮರೆತುಹೋಗುತ್ತದೆ. ಅವರು ಬೆಂಗಳೂರಿನಲ್ಲಿ ಕೂತು 112 ಒತ್ತಿದರೆ ಕರೆ ಹೋಗುವುದು ಕರ್ನಾಟಕದ ಕಂಟ್ರೋಲ್ ರೂಮಿಗೆ, ವೇಲಚೇರಿಗೆ ಅಲ್ಲ. ಆದ್ದರಿಂದ ಮೊದಲ ಸೆಷನ್‌ನಲ್ಲೇ ನಿಮ್ಮ ಪೂರ್ತಿ ವಿಳಾಸ, ಹತ್ತಿರದ ಆಸ್ಪತ್ರೆ, ಹತ್ತು ನಿಮಿಷದಲ್ಲಿ ನಿಮ್ಮ ಬಾಗಿಲಿಗೆ ಬರಬಲ್ಲ ಒಬ್ಬರ ಹೆಸರು ಮತ್ತು ನಂಬರ್ ಕೊಟ್ಟಿಡಿ. ಊರಲ್ಲಿರುವ ಅಪ್ಪ-ಅಮ್ಮನ ನಂಬರ್ ಕೊಟ್ಟರೆ ಅವರು ರಾತ್ರಿ ಬಸ್ ಹತ್ತುವುದು ಬಿಟ್ಟರೆ ಏನೂ ಮಾಡಲಾರರು. ಪಕ್ಕದ ಫ್ಲಾಟಿನವರೋ ಜೊತೆಯಲ್ಲಿ ಕೆಲಸ ಮಾಡುವವರೋ ಆದರೆ ಒಳ್ಳೆಯದು.

ಯಾರ ಜೊತೆ ಮಾತಾಡುತ್ತಿದ್ದೀರಿ?

ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿಸಿರಬೇಕು. ನೋಂದಣಿ ಸಂಖ್ಯೆ ಕೇಳುವುದು ಅವಮಾನವಲ್ಲ. ಔಷಧಿ ಬರೆಯುವುದು ವೈದ್ಯರ ಕೆಲಸ, ಸಮಾಲೋಚಕರದ್ದಲ್ಲ. ನೀವು ಹೇಳಿದ್ದು ಗುಟ್ಟಾಗಿರಬೇಕು ಎಂಬುದು 2017ರ ಕಾಯ್ದೆ ಕೊಟ್ಟ ಹಕ್ಕು. ಆದರೂ ಆ್ಯಪ್‌ಗಳ ಷರತ್ತುಗಳನ್ನು ಓದಿ. ಅಮೆರಿಕದ ‘ಬೆಟರ್‌ಹೆಲ್ಪ್’ ಬಳಕೆದಾರರ ಆರೋಗ್ಯ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್ ಮುಂತಾದ ಕಂಪನಿಗಳಿಗೆ ಕೊಟ್ಟಿದೆ ಎಂದು ಅಲ್ಲಿನ ಸರ್ಕಾರಿ ಆಯೋಗ ಆರೋಪಿಸಿತು. 2023ರಲ್ಲಿ ಆ ಕಂಪನಿ 78 ಲಕ್ಷ ಡಾಲರ್ ಪಾವತಿಸಲು ಒಪ್ಪಬೇಕಾಯಿತು. ಸೆಷನ್ ರೆಕಾರ್ಡ್ ಆಗುತ್ತದೆಯೇ, ಆದರೆ ಎಲ್ಲಿ ಇಡುತ್ತಾರೆ ಎಂದು ಕೇಳಿಯೇ ಮುಂದುವರಿಯಿರಿ.

ಮನೆಯವರಿಗೆ

ನಿಮ್ಮ ಮಗನೋ ಮಗಳೋ ಚೆನ್ನೈನಲ್ಲಿದ್ದು ಆನ್‌ಲೈನ್ ಥೆರಪಿ ತೆಗೆದುಕೊಳ್ಳುತ್ತಿದ್ದರೆ, ‘ಇವತ್ತು ಏನು ಮಾತಾಡಿದ್ರಿ?’ ಎಂದು ಕೇಳಬೇಡಿ. ಆ ಮಾತು ಅವರಿಬ್ಬರದ್ದು. ‘ನಿದ್ದೆ ಬರ್ತಿದೆಯಾ? ಊಟ ಸೇರ್ತಿದೆಯಾ? ಮುಂದಿನ ಸೆಷನ್ ಯಾವತ್ತು?’ ಎಂದು ಕೇಳಬಹುದು. ಸತತ ಎರಡು ಸೆಷನ್ ತಪ್ಪಿಸಿದ್ದಾರೆ ಎಂದು ಗೊತ್ತಾದರೆ ಬೈಯದೆ ಕಾರಣ ವಿಚಾರಿಸಿ. ಚಿಕಿತ್ಸೆ ನಿಲ್ಲುವ ಮೊದಲು ಕಾಣುವ ಸೂಚನೆ ಅದು. ಅವರು ಒಪ್ಪಿದರೆ ಒಂದು ಸೆಷನ್‌ನಲ್ಲಿ ನೀವೂ ಸೇರಿಕೊಂಡು, ಮನೆಯಲ್ಲಿ ನೀವು ಕಂಡ ಬದಲಾವಣೆಗಳನ್ನು ಚಿಕಿತ್ಸಕರಿಗೆ ಹೇಳಬಹುದು. ಪರದೆಯಲ್ಲಿ ಕಾಣದ ಅರ್ಧ ಭಾಗ ನಿಮಗೆ ಕಾಣುತ್ತಿರಬಹುದು.

ಮುಂದಿನ ಸೆಷನ್‌ಗೆ ಮುಂಚೆ ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿ. ಪ್ರಶ್ನಾವಳಿ ತುಂಬಿ, ಕೆಳಗೆ ಒಂದೇ ಒಂದು ಸಾಲು ಕನ್ನಡದಲ್ಲಿ ಬರೆಯಿರಿ: ಈ ವಾರ ನಿಜಕ್ಕೂ ಹೇಗಿತ್ತು? ‘ಹೇಗಿತ್ತು?’ ಎಂದು ಅವರು ಕೇಳಿದಾಗ ಆ ಸಾಲನ್ನು ಓದಿ. ‘ಪರವಾಗಿಲ್ಲ’ ಎನ್ನುವಂಥ ವಾರವೂ ಬರುತ್ತದೆ. ಅವತ್ತು ಅದನ್ನು ಧಾರಾಳವಾಗಿ ಹೇಳಬಹುದು.